ಲೆಕ್ಕದಲ್ಲಿಲ್ಲದವರು
(ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೊರೋನಾದ ಮೊದಲ ವಾರಗಳನ್ನು ಇಂದು ಮತ್ತೆ ನೆನಪಿಸಿಕೊಳ್ಳುವ ಅಗತ್ಯವೇನು ಎಂದು ಕೆಲವರು ಕೇಳಬಹುದು. ವಿಪತ್ತು ಬಂದಾಗ ಸರಕಾರಗಳ ಮತ್ತು ಸಮಾಜದ ನಿಜವಾದ ಸ್ವರೂಪ ಬಯಲಾಗುತ್ತದೆ. ವಿಪತ್ತು ಕಳೆದ ಮೇಲೆ ಅದನ್ನು ಮರೆಯುವುದು ಸುಲಭ. ಮರೆತರೆ ಮುಂದಿನ ವಿಪತ್ತಿಗೂ ಅದೇ ಸ್ಥಿತಿಯಲ್ಲಿ ಸಿಲುಕುತ್ತೇವೆ. ಆದ್ದರಿಂದಲೇ ಈ ಮಾತು.

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ರಾಜ್ಯದ ಕಲಬುರಗಿಯ ವೃದ್ಧರೊಬ್ಬರದು. 2020ರ ಮಾರ್ಚ್ 10ರಂದು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ದೇಶವನ್ನುದ್ದೇಶಿಸಿ ಮಾತನಾಡಿ, ಅಂದು ಮಧ್ಯರಾತ್ರಿಯಿಂದಲೇ 21 ದಿನಗಳ ಲಾಕ್‌ಡೌನ್ ಘೋಷಿಸಿದರು. 130 ಕೋಟಿ ಜನರಿಗೆ ಸಿಕ್ಕಿದ ಕಾಲಾವಕಾಶ ನಾಲ್ಕು ತಾಸು. ರೋಗ ಹರಡದಂತೆ ಜನಸಂಚಾರವನ್ನು ತಡೆಯಬೇಕಾಗಿತ್ತು ಎಂಬುದರಲ್ಲಿ ನಮಗೆ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಆ ರಾತ್ರಿ ಆದೇಶ ಹೊರಡಿಸಿದವರ ಕಣ್ಣ ಮುಂದೆ ಯಾರಿದ್ದರು? ತಿಂಗಳ ಸಂಬಳ ಬರುವವನಿದ್ದ. ಮನೆಯಲ್ಲಿ ಎರಡು ತಿಂಗಳ ಅಕ್ಕಿ ಇರುವವನಿದ್ದ. ಬೆಳಿಗ್ಗೆ ದುಡಿದು ಸಂಜೆ ಉಣ್ಣುವವನು ಇರಲಿಲ್ಲ.

ಅವನು ಲೆಕ್ಕದಲ್ಲಿ ಇರಲಿಲ್ಲ ಎಂಬುದು ಅಲಂಕಾರದ ಮಾತಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರನ್ನು ಕೆಲಸಕ್ಕಿಟ್ಟುಕೊಳ್ಳುವವರು ನೋಂದಣಿ ಮಾಡಿಸಬೇಕು ಎಂಬ ಕಾನೂನು 1979ರಲ್ಲೇ ಬಂದಿತ್ತು. ಅದು ಕಾಗದದಲ್ಲೇ ಉಳಿಯಿತು. ಆದ್ದರಿಂದ ಎಷ್ಟು ಮಂದಿ ಎಲ್ಲಿ ದುಡಿಯುತ್ತಿದ್ದಾರೆ ಎಂಬುದು ಯಾವ ಸರಕಾರಕ್ಕೂ ತಿಳಿದಿರಲಿಲ್ಲ. ಮಾರ್ಚ್ 26ರಂದು ಕೇಂದ್ರ ಸರಕಾರ 1.70 ಲಕ್ಷ ಕೋಟಿ ರೂಪಾಯಿಯ ಪರಿಹಾರವನ್ನು ಘೋಷಿಸಿತು. ತಲಾ ಐದು ಕಿಲೋ ಧಾನ್ಯವನ್ನು ಹೆಚ್ಚುವರಿಯಾಗಿ ಕೊಡುವುದಾಗಿ ಹೇಳಿತು. ಆದರೆ ಕಾರ್ಮಿಕನ ಪಡಿತರ ಚೀಟಿ ಬಿಹಾರದ ಹಳ್ಳಿಯಲ್ಲಿ, ಅವನ ಹಸಿವು ಬೆಂಗಳೂರಿನಲ್ಲಿ! ಸರಕಾರಿ ಗೋದಾಮುಗಳಲ್ಲಿ ಆಗ ಏಳು ಕೋಟಿ ಟನ್‌ಗಿಂತ ಅಧಿಕ ಧಾನ್ಯವಿತ್ತು. ಧಾನ್ಯದ ಕೊರತೆ ದೇಶದಲ್ಲಿರಲಿಲ್ಲ. ತಿನ್ನಬೇಕಾದವನ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ.

ಪರಿಣಾಮವನ್ನು ಇಡೀ ಜಗತ್ತು ನೋಡಿತು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜನರು ನೂರಾರು ಮೈಲು ನಡೆದರು. ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಅದೇ ವಾರ ನಮ್ಮ ರಾಜ್ಯ ಸರಕಾರವು ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗೆ ಸಭೆ ನಡೆಸಿದ ಬಳಿಕ ಕಾರ್ಮಿಕರ ರೈಲುಗಳನ್ನೇ ರದ್ದುಪಡಿಸಿ, ತೀವ್ರ ಟೀಕೆ ಬಂದ ಮೇಲೆ ನಿರ್ಧಾರವನ್ನು ಬದಲಿಸಿತು. ಊರಿಗೆ ಹೋಗುವ ಹಕ್ಕಿಗಿಂತ ಕಟ್ಟಡದ ಕೆಲಸ ದೊಡ್ಡದಾಯಿತೇ? ಒಂದು ಕೋಟಿಗೂ ಅಧಿಕ ವಲಸೆ ಕಾರ್ಮಿಕರು ಊರಿಗೆ ಮರಳಿದರೆಂದು ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿತು. ದಾರಿಯಲ್ಲಿ ಸತ್ತವರೆಷ್ಟು ಎಂದು ಕೇಳಿದಾಗ ಅಂತಹ ಮಾಹಿತಿ ಇಲ್ಲವೆಂದಿತು. ಬದುಕಿದ್ದಾಗ ಲೆಕ್ಕದಲ್ಲಿ ಇಲ್ಲದವರು ಸತ್ತ ಮೇಲೂ ಲೆಕ್ಕಕ್ಕೆ ಸೇರಲಿಲ್ಲ.

ಕರಾವಳಿಯ ಅನುಭವವೂ ಭಿನ್ನವಲ್ಲ. ಬೀಡಿ ಬ್ರಾಂಚುಗಳು ಮುಚ್ಚಿ, ಎಲೆಯೂ ಹೊಗೆಸೊಪ್ಪೂ ಬಾರದೆ ಸಾವಿರಾರು ಮಹಿಳೆಯರ ಕೈ ಖಾಲಿಯಾಯಿತು. ದೋಣಿಗಳು ದಡದಲ್ಲೇ ಉಳಿದವು. ಗಲ್ಫ್‌ನಲ್ಲಿ ಕೆಲಸ ಕಳಕೊಂಡವರು ಮರಳಲು ವಿಮಾನಕ್ಕಾಗಿ ಕಾದರು. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದು ಮೇ 12ರಂದು. ಇತ್ತ ತಲಪಾಡಿಯಲ್ಲಿ ಗಡಿ ಮುಚ್ಚಲಾಯಿತು. ಕೆಲವು ಗಡಿರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಿಂದ ಹಿಂದಿರುಗಬೇಕಾಯಿತು. ಕೆಲವರು ಪ್ರಾಣ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಮ್ ಕೋರ್ಟ್‌ವರೆಗೆ ಹೋಯಿತು. ಒಂದೇ ನೆಲ, ಒಂದೇ ತುಳು, ಒಂದೇ ಬ್ಯಾರಿ ಭಾಷೆ. ರೋಗಿಯನ್ನು ಮಾತ್ರ ಪರದೇಶಿಯಾಗಿ ಕಾಣಲಾಯಿತು.

ಸಹೋದರರೇ, ಅತ್ಯಗತ್ಯವಾದ ಈ ಲೆಕ್ಕ ಸರಕಾರದ ಬಳಿ ಇರದಿದ್ದಾಗ, ಇನ್ನೊಂದು ಲೆಕ್ಕ ಮಾತ್ರ ಪ್ರತಿದಿನ ತಪ್ಪದೆ ಬಂತು. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದ ತಬ್ಲೀಗಿ ಜಮಾಅತ್‌ನವರಲ್ಲಿ ಸೋಂಕು ಕಂಡುಬಂದ ಮೇಲೆ, ಸೋಂಕಿತರ ಸಂಖ್ಯೆಯನ್ನು ಹೇಳುವಾಗ ಅವರ ಸಂಖ್ಯೆಯನ್ನು ಪ್ರತ್ಯೇಕಿಸಿ ಹೇಳಲಾಯಿತು. ಏಪ್ರಿಲ್ 18ರಂದು ಆರೋಗ್ಯ ಸಚಿವಾಲಯವು 14,378 ಪ್ರಕರಣಗಳಲ್ಲಿ 4,291 ಅವರಿಗೆ ಸಂಬಂಧಿಸಿದವು ಎಂದಿತು. ಪರೀಕ್ಷೆಗಳೇ ವಿರಳವಾಗಿದ್ದ ಆ ದಿನಗಳಲ್ಲಿ, ಹುಡುಕಿ ಹುಡುಕಿ ಪರೀಕ್ಷಿಸಿದ ಗುಂಪಿನಲ್ಲಿ ಹೆಚ್ಚು ಸೋಂಕಿತರು ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ಟಿ.ವಿ. ಚಾನೆಲ್‌ಗಳಿಗೆ ಅಷ್ಟು ಸಾಕಾಯಿತು. ರೋಗಕ್ಕೆ ಒಂದು ಧರ್ಮ ಸಿಕ್ಕಿತು. ಉತ್ತರ ಪ್ರದೇಶದ ಶಾಸಕರೊಬ್ಬರು ಮುಸ್ಲಿಮರಿಂದ ತರಕಾರಿ ಕೊಳ್ಳಬೇಡಿರೆಂದರು. ಅವರ ಪಕ್ಷವೇ ನೋಟೀಸು ಕೊಡಬೇಕಾಯಿತು. ದಕ್ಷಿಣ ಕನ್ನಡದ ಕೆಲವು ಕಡೆ ಮುಸ್ಲಿಮ್ ವ್ಯಾಪಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕಗಳು ಕಂಡುಬಂದದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ತಳ್ಳುಗಾಡಿಯವನ ಪಾಲಿಗೆ ಇದು ಎರಡನೆಯ ಲಾಕ್‌ಡೌನ್. ಮೊದಲನೆಯದಕ್ಕೆ ದಿನಗಳ ಮಿತಿಯಿತ್ತು, ಇದಕ್ಕೆ ಅದೂ ಇರಲಿಲ್ಲ.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಇಡೀ ಮುಸ್ಲಿಮ್ ಸಮುದಾಯವನ್ನು ದೂಷಿಸುವವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಎಚ್ಚರಿಸಿದರು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತಿದೆ ಎಂದಿತು. 70 ಮಂದಿ ಭಾರತೀಯರ ಮೇಲಿದ್ದ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈಯಲ್ಲಿ, ಐದು ವರ್ಷಗಳ ಬಳಿಕ. ಆರೋಪ ಮುಖಪುಟದಲ್ಲಿ ಬಂತು; ಬಿಡುಗಡೆಯ ಸುದ್ದಿ ಒಳಪುಟದ ಮೂಲೆಯಲ್ಲಿ.

ಹಾಗೆಂದು ಇತರರ ತಪ್ಪುಗಳನ್ನಷ್ಟೇ ಎಣಿಸಿ ಎದ್ದು ಹೋಗುವುದು ಸುಧಾರಣೆಯ ದಾರಿಯಲ್ಲ. ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದವರನ್ನು ತಡೆದು ಕೆಲವರು ದಾಂಧಲೆ ನಡೆಸಿದರು. ಅಪನಂಬಿಕೆಗೆ ಕಾರಣಗಳಿರಬಹುದು, ಸಮರ್ಥನೆಯಿಲ್ಲ. ಸಾಂಕ್ರಾಮಿಕ ಇರುವ ಊರಿಗೆ ಹೋಗಬಾರದು, ಆ ಊರಿನಿಂದ ಹೊರಡಲೂ ಬಾರದು ಎಂದು ಕಲಿಸಿದವರು ಪ್ರವಾದಿ ಮುಹಮ್ಮದ್(ಸ). ಪ್ಲೇಗ್‌ನ ಸುದ್ದಿ ತಿಳಿದು ಖಲೀಫಾ ಉಮರ್(ರ) ಶಾಮ್ ಪ್ರದೇಶದ ದಾರಿಯಿಂದಲೇ ಹಿಂದಿರುಗಿದ್ದರು. ಅವರ ಆಡಳಿತದಲ್ಲಿ ಮದೀನಾದ ಸುತ್ತಲೂ ಭೀಕರ ಕ್ಷಾಮ ಬಂದಾಗ ದೂರದ ಪ್ರಾಂತ್ಯಗಳಿಂದ ಧಾನ್ಯ ತರಿಸಿ ಹಂಚಿದರು. ಜನರಿಗೆ ತುಪ್ಪ ಸಿಗುವವರೆಗೆ ತಾವೂ ತುಪ್ಪ ಮುಟ್ಟಲಿಲ್ಲ. ಹಸಿದವರ ಲೆಕ್ಕ ಇಡುವುದನ್ನು ಅವರು ಆಡಳಿತದ ಮೊದಲ ಕರ್ತವ್ಯವೆಂದು ತಿಳಿದರು.

ಆ ಲೆಕ್ಕ ನಮ್ಮಲ್ಲಿ ಇತ್ತೇ? ಆ ವರ್ಷದ ರಮಝಾನ್ ಏಪ್ರಿಲ್ ಕೊನೆಗೆ ಬಂತು. ಮಸೀದಿಗಳು ಮುಚ್ಚಿದ್ದವು. ಮನೆಬಾಗಿಲಿಗೆ ಬಂದವರಿಗೆ ಝಕಾತ್‌ನ ನೋಟು ಕೊಡುವ ನಮ್ಮ ರೂಢಿ ಆ ರಮಝಾನ್‌ನಲ್ಲಿ ಸೋತುಹೋಯಿತು; ಯಾಕೆಂದರೆ ಬಾಗಿಲಿಗೆ ಬರುವಂತಿರಲಿಲ್ಲ. ಯುವಕರು ಕಿಟ್ ಹಂಚಿದರು, ಧರ್ಮ ನೋಡದೆ ಹಂಚಿದರು, ಅದು ಅಭಿನಂದನೀಯ. ಆದರೆ ಬಹಳಷ್ಟು ಜಮಾಅತ್‌ಗಳಲ್ಲಿ ವರಿ ಕೊಡುವವರ ಪಟ್ಟಿಯಿತ್ತು, ದಿನಗೂಲಿಯವರ ಪಟ್ಟಿಯಿರಲಿಲ್ಲ. ಹೀಗಾಗಿ ಕೈಚಾಚಿದವನಿಗೆ ಎರಡು ಕಿಟ್ ಸಿಕ್ಕಿತು, ಮಾನಕ್ಕೆ ಅಂಜಿದವನ ಮನೆಯಲ್ಲಿ ಒಲೆ ಉರಿಯಲಿಲ್ಲ. ಝಕಾತ್‌ನ ಎಂಟು ವಿಭಾಗಗಳಲ್ಲಿ ಅದನ್ನು ಸಂಗ್ರಹಿಸುವ ಕಾರ್ಯಕರ್ತರಿಗೂ ಪಾಲನ್ನು ನಿಗದಿಪಡಿಸಲಾಗಿದೆ. ಝಕಾತ್ ವ್ಯವಸ್ಥಿತವಾಗಿ ಸಂಗ್ರಹವಾಗಬೇಕು, ಹಂಚಿಕೆಯಾಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಸರಕಾರವೂ ತಡವಾಗಿ ಎಚ್ಚೆತ್ತಿತು. ಸುಪ್ರೀಮ್ ಕೋರ್ಟ್‌ನ ಆದೇಶದ ಬಳಿಕ, 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ಇ-ಶ್ರಮ್ ಆರಂಭವಾಯಿತು. ಆದ್ದರಿಂದ ಪ್ರತಿಯೊಂದು ಜಮಾಅತ್‌ನ ಮುಂದೆ ನಾವು ಮೂರು ಕೆಲಸಗಳನ್ನು ಇಡುತ್ತೇವೆ. ನಮ್ಮ ವ್ಯಾಪ್ತಿಯ ಪ್ರತಿಯೊಬ್ಬ ದಿನಗೂಲಿಯ, ವಿಧವೆಯ, ಒಂಟಿ ವೃದ್ಧರ ಪಟ್ಟಿ ಸಿದ್ಧವಾಗಲಿ. ಪಡಿತರ ಚೀಟಿಯಿಂದ ಇ-ಶ್ರಮ್‌ವರೆಗೆ ಅವರಿಗೆ ಸಲ್ಲಬೇಕಾದ ದಾಖಲೆಗಳನ್ನು ಮಾಡಿಸಿಕೊಡಲಾಗಲಿ. ಝಕಾತ್‌ನ ಒಂದು ಭಾಗವಾದರೂ ಬೈತುಲ್‌ಮಾಲ್‌ಗೆ ಬರಲಿ ಮತ್ತು ಅದರ ಲೆಕ್ಕ ಮಸೀದಿಯ ಫಲಕದಲ್ಲಿ ಎಲ್ಲರಿಗೂ ಕಾಣುವಂತಿರಲಿ. ಪಕ್ಕದ ಮನೆಯ ಮುಸ್ಲಿಮೇತರ ಬಡವನ ಹೆಸರೂ ಆ ಪಟ್ಟಿಯಲ್ಲಿರಲಿ. ನೆರೆಯವನ ಹಕ್ಕಿಗೆ ಧರ್ಮದ ಷರತ್ತಿಲ್ಲ, ಸದಕಕ್ಕೂ ಇಲ್ಲ.

ನಾಳೆ ಇನ್ನೊಂದು ರಾತ್ರಿ ಎಂಟು ಗಂಟೆಗೆ ಇನ್ನೊಂದು ಆದೇಶ ಬಂದರೆ, ನಮ್ಮ ಬಳಿ ನಾಲ್ಕೇ ತಾಸು ಇರಬಹುದು. ಪಟ್ಟಿಯನ್ನು ಆಗ ಬರೆಯಲಾಗದು, ಈಗಲೇ ಬರೆಯಬೇಕು. ಅಲ್ಲಾಹನ ಮುಂದೆ ನಮ್ಮ ಲೆಕ್ಕ ನಡೆಯುವ ದಿನ, ನಾವು ಲೆಕ್ಕಕ್ಕಿಡದ ಮನುಷ್ಯರ ಬಗ್ಗೆಯೂ ಪ್ರಶ್ನೆಯಿರುತ್ತದೆ. ಆ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.