ಕೊಂಬಿನ ಮೊಳಕೆಯೂ ಕರುವಿನ ವೇದನೆಯೂ



ಈ ದತ್ತಿ ಉಪನ್ಯಾಸಕ್ಕೆ ಹೆಸರಿತ್ತ ಹಿರಿಯರು ಕೊಟ್ಟಿಗೆಯ ನೆಲದಲ್ಲಿ ಮಂಡಿಯೂರಿ ಪಶುವೈದ್ಯವನ್ನು ಕಲಿಸಿದವರಾದುದರಿಂದ, ಅವರ ಸ್ಮರಣೆಯಲ್ಲಿ ಮಾತನಾಡುವ ಗೌರವ ನನಗೆ ಒದಗಿದಾಗ, ಕೊಟ್ಟಿಗೆಯಲ್ಲಿಯೇ ನಡೆಯುವ ಒಂದು ಕಿರಿಯ ಶಸ್ತ್ರಕರ್ಮವನ್ನು, ಕರುವಿನ ಕೊಂಬಿನ ಮೊಳಕೆಯನ್ನು ಸುಡುವುದನ್ನು, ಆರಿಸಿಕೊಳ್ಳುವುದು ಉಚಿತವೆಂದು ತೋರಿತು.

ಹಳ್ಳಿಕಾರ್, ಅಮೃತಮಹಲ್ ಎತ್ತುಗಳ ನೀಳವಾದ ಕೊಂಬನ್ನು ಹೆರೆದು, ಬಣ್ಣ ಬಳಿದು, ಸಂಕ್ರಾಂತಿಯಂದು ಕಿಚ್ಚು ಹಾಯಿಸುವ ರೈತನಿಗೆ ನಾನು ಏನನ್ನೂ ಬೋಧಿಸಬೇಕಾಗಿಲ್ಲ. ನನ್ನ ವಿಷಯ ಹೈನುಗಾರಿಕೆಯ ಮಿಶ್ರತಳಿ ಕರು. ಸುಮಾರು ಎರಡು ತಿಂಗಳವರೆಗೆ ಅದರ ಕೊಂಬಿನ ಮೊಳಕೆ ಚರ್ಮದಲ್ಲಿ ಸಡಿಲವಾಗಿದ್ದು, ಬಳಿಕ ಬುರುಡೆಗೆ ಬೆಸೆದುಕೊಳ್ಳುತ್ತದೆ. ಇನ್ನೂ ಬೆಳೆದರೆ ಹಣೆಯ ಕುಹರವೇ ಕೊಂಬಿನೊಳಕ್ಕೆ ಚಾಚುವುದರಿಂದ, ಕೊಂಬು ಕೊಯ್ದರೆ ಆ ಕುಹರವೂ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊಳಕೆಯನ್ನು ಎಳೆತನದಲ್ಲಿಯೇ ಸುಡಬೇಕೆಂಬುದು ನಿರ್ವಿವಾದ.

ವಿವಾದವಿರುವುದು ಅರಿವಳಿಕೆಯ ವಿಷಯದಲ್ಲಿ. ಕಾದ ಕಬ್ಬಿಣದ ಸ್ಪರ್ಶ ಕೆಲವೇ ಕ್ಷಣಗಳದ್ದು, ಸೂಜಿಯೂ ನೋಯಿಸುತ್ತದೆ, ಹೀಗಿರುವಾಗ ಒಂದರ ಬದಲು ಎರಡು ನೋವೇಕೆ ಎಂದು ಕೇಳುವ ಅನುಭವಿ ಮಿತ್ರರಿದ್ದಾರೆ. ಅವರ ಅನುಭವಕ್ಕೆ ನಮಸ್ಕರಿಸುತ್ತೇನೆ, ವಾದವನ್ನು ಒಪ್ಪಲಾರೆ. ಅರಿವಳಿಕೆಯಿಲ್ಲದ ಕರುವನ್ನು ಇಬ್ಬರು ಅದುಮಿ ಹಿಡಿದರೂ ಅದು ಕಾಲು ಕುಸಿದು, ನಾಲಗೆ ಚಾಚಿ ಅರಚುತ್ತದೆ. ಅದೇ ಕರುವಿಗೆ, ಕಣ್ಣಿನ ಹೊರಕೋನಕ್ಕೂ ಕೊಂಬಿನ ಬುಡಕ್ಕೂ ನಡುವೆ ಬೆರಳಿಗೆ ತಾಕುವ ಎಲುಬಿನ ಏಣಿನ ಕೆಳಗೆ ಅರಿವಳಿಕೆಯ ಮದ್ದಾದ ಲಿಗ್ನೊಕೇನ್ ಸೇರಿಸಿ, ಕೆಲವು ನಿಮಿಷ ತಾಳಿ, ಮೊಳಕೆಯ ಸುತ್ತ ಸೂಜಿಯ ಮೊನೆಯಿಂದ ಪರೀಕ್ಷಿಸಿ ಆ ಬಳಿಕ ಕಬ್ಬಿಣವನ್ನಿಟ್ಟರೆ, ತಾಮ್ರವರ್ಣದ ಬಳೆ ಮೂಡುವವರೆಗೂ ಅದು ರೆಪ್ಪೆ ಜೋಲಿಸಿ ನಿಂತಿರುತ್ತದೆ. ಇವೆರಡನ್ನೂ ಕಂಡವರು ಸೂಜಿಯ ನೋವನ್ನೂ ಸುಡುವ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರರು.

1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಪ್ರಕರಣ ಕೊಂಬು ತೆಗೆಯುವುದಕ್ಕೆ ವಿನಾಯಿತಿ ಕೊಟ್ಟಿದೆಯಲ್ಲವೆ ಎಂಬುದು ಅವರ ಇನ್ನೊಂದು ಆಧಾರ. ಆ ವಿನಾಯಿತಿ ವಿಹಿತ ರೀತಿಯಲ್ಲಿ ಮಾಡಿದ ಕಾರ್ಯಕ್ಕೆ ಮಾತ್ರ ಸಲ್ಲುತ್ತದೆಂಬುದನ್ನು ಅವರು ಓದದೆ ಬಿಡುತ್ತಾರೆ.

ಆದರೆ ನನ್ನ ಮುಖ್ಯ ಭಿನ್ನಾಭಿಪ್ರಾಯವಿರುವುದು ಅರಿವಳಿಕೆ ಕೊಟ್ಟು ಕೈತೊಳೆದುಕೊಳ್ಳುವ ನನ್ನ ಪಂಗಡದವರೊಡನೆಯೇ. ಲಿಗ್ನೊಕೇನಿನ ಪ್ರಭಾವ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ಆಗ ರಕ್ತದಲ್ಲಿ ವೇದನೆಯ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಏರುತ್ತದೆಂದರೆ, ಅರಿವಳಿಕೆಯೊಂದೇ ವೇದನೆಯನ್ನು ಮುಂದೂಡಿತೇ ಹೊರತು ನೀಗಲಿಲ್ಲವೆಂದಾಯಿತು. ವೈದ್ಯನು ಚೀಲ ಹೊತ್ತು ಹೊರಟ ಮೇಲೆ, ಕರು ಕಿವಿ ಬಡಿಯುತ್ತ, ತಲೆಯನ್ನು ಗೂಟಕ್ಕೆ ತಿಕ್ಕಹೋಗಿ ಬೆಚ್ಚಿ ಹಿಂದೆಗೆಯುವುದನ್ನು ಕಾಣುವವಳು ಮನೆಯ ಹೆಣ್ಣುಮಗಳು. ಈ ದತ್ತಿಯ ಹಿರಿಯರು ಶಸ್ತ್ರಕರ್ಮವಾದ ಸಂಜೆ ಮರಳಿ ಬಂದು ಕರುವನ್ನು ನೋಡದೆ ಮನೆಗೆ ಹೋಗುತ್ತಿರಲಿಲ್ಲವೆಂದು ಅವರ ಶಿಷ್ಯರಿಂದ ಕೇಳಿದ್ದೇನೆ. ಸುಡುವ ಮುನ್ನವೇ ಮೆಲಾಕ್ಸಿಕಾಮ್‌ನಂಥ ದೀರ್ಘಕಾಲದ ನೋವುಶಾಮಕವನ್ನು ಅರಿವಳಿಕೆಯೊಡನೆ ಕೊಡಬೇಕೆಂಬುದು ನನ್ನ ದೃಢವಾದ ಮತ.

ಹುಟ್ಟಿನಿಂದಲೇ ಕೊಂಬಿಲ್ಲದೆ ಬೋಳಾದ ಹೋರಿಗಳ ವೀರ್ಯವನ್ನು ಬಳಸಿದರೆ ಈ ಚರ್ಚೆಯೇ ಬೇಡವೆನ್ನುವವರೂ ಉಂಟು. ಬೋಳುತನ ಪ್ರಬಲ ಗುಣವಾದುದರಿಂದ ಆ ದಾರಿ ಸರಿಯಾದುದೇ. ಆದರೆ ಹೋರಿಯಲ್ಲಿ ಆ ಗುಣದ ಒಂದೇ ಪ್ರತಿಯಿದ್ದರೆ ಕೊಂಬಿನ ಹಸುಗಳಿಗೆ ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧಕ್ಕೆ ಕೊಂಬು ಬರುತ್ತದೆ, ಆ ಕರುಗಳಿಗೆ ಲಿಗ್ನೊಕೇನೂ ಮೆಲಾಕ್ಸಿಕಾಮೂ ಬೇಕೇ ಬೇಕು.