ಮನೆಗೆ ಪಡ್ಡಿನ ಕಾವಲಿ: ಆಯ್ಕೆ ಮತ್ತು ಬಳಕೆ



ಒಕ್ಕಲುತನದ ಮಾತು ಬಂದಾಗ ನೇಗಿಲು, ಕುಂಟೆ, ಕೂರಿಗೆಗಳ ಆಯ್ಕೆಯ ಬಗ್ಗೆ ಬೇಕಾದಷ್ಟು ವಿಚಾರ ವಿನಿಮಯ ನಡೆಯುತ್ತದೆ. ಬೆಳೆದ ಕಾಳು ಕೊನೆಗೆ ಸೇರುವುದು ಒಲೆಯ ಮೇಲಿನ ಪಾತ್ರೆಗೆ. ಆದರೆ ಆ ಪಾತ್ರೆಯನ್ನು ಕೊಳ್ಳುವಾಗ ಅಷ್ಟು ವಿಚಾರ ನಡೆಯುವುದಿಲ್ಲ. ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಕಣ್ಣಿಗೆ ಬಿದ್ದ ಪಡ್ಡಿನ ಕಾವಲಿಯನ್ನು ಮನೆಗೆ ತರಲಾಗುತ್ತದೆ. ಮೊದಲ ದಿನವೇ ಹಿಟ್ಟು ಗುಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು, ಸೋಪಿನಿಂದ ತಿಕ್ಕಿ ತೊಳೆದು ಕವುಚಿಟ್ಟರೆ ಮರುದಿನ ತುಕ್ಕು. ಒಂದೆರಡು ವಾರಗಳಲ್ಲಿ ಕಾವಲಿ ಅಟ್ಟ ಸೇರುತ್ತದೆ. ತಪ್ಪು ಕಾವಲಿಯದಲ್ಲ, ಆರಿಸುವ ಮತ್ತು ಪಳಗಿಸುವ ಕ್ರಮ ತಿಳಿಯದೇ ಹೋದುದು.

ಇದು ಕೇವಲ ತಿಂಡಿಯ ವಿಷಯವೆಂದು ತಿಳಿಯಬಾರದು. 2018ನ್ನು ಭಾರತದಲ್ಲಿ ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದೂ 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದೂ ಆಚರಿಸಲಾಯಿತು. ಆದರೂ ರಾಗಿ, ನವಣೆ, ಸಾಮೆ ಬೆಳೆಯುವ ಅನೇಕ ಮನೆಗಳಲ್ಲಿ ಕಾಳು ಮಾರುಕಟ್ಟೆಗೆ ಹೋಗಿ, ಮಕ್ಕಳ ತಟ್ಟೆಗೆ ಬರಿಯ ಅಕ್ಕಿಯ ತಿಂಡಿ ಬರುತ್ತಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿನ ಆಸುಪಾಸು. ಮುದ್ದೆಯೆಂದರೆ ಮುಖ ತಿರುಗಿಸುವ ಮಗು, ಅದೇ ರಾಗಿ ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗೆ ಬೆಂದು ಬಂದರೆ ತಿನ್ನಲು ಒಪ್ಪುವ ಸಂಭವ ಹೆಚ್ಚು. ಮನೆಯ ಧಾನ್ಯವನ್ನು ಮನೆಮಂದಿಯ ಹೊಟ್ಟೆಗೆ ಸೇರಿಸಲು ಪಡ್ಡಿನ ಕಾವಲಿ ಒಂದು ಸುಲಭ ಸಾಧನ.

ಕಾವಲಿ ಕೆಲಸ ಮಾಡುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಪಡ್ಡು, ಬೇರೆಡೆ ಗುಂಡುಪೊಂಗಲು, ಗುಳಿಯಪ್ಪ ಎಂದು ಕರೆಯುವ ಈ ತಿಂಡಿ ತಮಿಳುನಾಡಿನಲ್ಲಿ ಕುಳಿಪಣಿಯಾರಂ, ಆಂಧ್ರದಲ್ಲಿ ಗುಂಟಪೊಂಗನಾಲು. ಹೆಸರು ಯಾವುದಾದರೂ ತತ್ತ್ವ ಒಂದೇ: ಕಾದ ಗುಳಿ ಹಿಟ್ಟನ್ನು ತಳದಿಂದಲೂ ಸುತ್ತಲಿನಿಂದಲೂ ಏಕಕಾಲದಲ್ಲಿ ಬೇಯಿಸುತ್ತದೆ. ಯೂರೋಪಿನ ವಾಫಲ್ ಎಂಬ ತಿಂಡಿಯ ಅಚ್ಚಿನಲ್ಲೂ ಇದೇ ತತ್ತ್ವವಿದೆ. ಅಲ್ಲಿ ಎರಡು ಕಾದ ತಟ್ಟೆಗಳ ನಡುವೆ ಹಿಟ್ಟು ಬೇಯುತ್ತದೆ. ಪಡ್ಡಿನ ಕಾವಲಿಗೆ ಮೇಲಿನ ತಟ್ಟೆ ಇಲ್ಲ. ಮುಚ್ಚಳದೊಳಗಿನ ಆವಿ ಸ್ವಲ್ಪ ಮಟ್ಟಿಗೆ ಆ ಕೆಲಸ ಮಾಡುತ್ತದೆ, ಉಳಿದದ್ದನ್ನು ಪಡ್ಡನ್ನು ಮಗುಚಿ ಪೂರೈಸಬೇಕು. ಆದಕಾರಣ ಗುಳಿಗಳೆಲ್ಲ ಸಮನಾಗಿ ಕಾಯುವುದು ಮತ್ತು ಕಾವು ಬೇಗ ಆರದಿರುವುದು, ಇವೆರಡೇ ಒಳ್ಳೆಯ ಕಾವಲಿಯ ಮುಖ್ಯ ಗುಣಗಳು.

ಲೋಹದ ಆಯ್ಕೆ

ಎರಕದ ಕಬ್ಬಿಣದ ಕಾವಲಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ತಣ್ಣನೆಯ ಹಿಟ್ಟು ಹೊಯ್ದಾಗ ಅದರ ಕಾವು ಒಮ್ಮೆಲೇ ಇಳಿಯುವುದಿಲ್ಲವಾದ್ದರಿಂದ ಪಡ್ಡಿನ ಹೊರಪದರ ಗರಿಯಾಗುತ್ತದೆ. ಸೌದೆ ಒಲೆಗೂ ಗ್ಯಾಸಿಗೂ ಹೊಂದುತ್ತದೆ, ತಲೆಮಾರುಗಟ್ಟಲೆ ಬಾಳುತ್ತದೆ. ಆದರೆ ಎರಕದ ಕಬ್ಬಿಣ ಪೆಡಸು. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ, ಇಲ್ಲವೇ ಕಾದಿರುವಾಗ ತಣ್ಣೀರು ಸುರಿದರೆ ಸೀಳುತ್ತದೆ. ಭಾರವೂ ಹೆಚ್ಚು.

ಅಲ್ಯೂಮಿನಿಯಂ ಹಗುರ, ಬೆಲೆ ಕಡಿಮೆ. ಅದು ಕಾವನ್ನು ಎರಕದ ಕಬ್ಬಿಣಕ್ಕಿಂತ ಸುಮಾರು 4 ಪಟ್ಟು ಬೇಗ ಹರಡುತ್ತದೆ. ಆದರೆ ತೆಳುವಾದ ಅಲ್ಯೂಮಿನಿಯಂ ಕಾವಲಿಯಲ್ಲಿ ಉರಿ ತಾಗಿದ ಕಡೆ ಸೀದು, ಹಿಟ್ಟು ಹೊಯ್ದೊಡನೆ ಕಾವು ಇಳಿದುಹೋಗುತ್ತದೆ. ಹುಳಿ ಹಿಟ್ಟು ಅದರಲ್ಲಿ ಬಹಳ ಹೊತ್ತು ಇರುವುದೂ ಒಳ್ಳೆಯದಲ್ಲ.

ನಾನ್‌ಸ್ಟಿಕ್ ಎಂದು ಮಾರುವ ಕಾವಲಿಗಳಲ್ಲಿ ಬಹುಪಾಲು ಅಲ್ಯೂಮಿನಿಯಂ ಮೇಲೆ ಟೆಫ್ಲಾನ್ ಜಾತಿಯ ಲೇಪವಿರುವಂಥವು. ಎಣ್ಣೆ ಕಡಿಮೆ ಸಾಕು, ಮೊದಲ ದಿನದಿಂದಲೇ ಹಿಟ್ಟು ಅಂಟುವುದಿಲ್ಲ. ಆದರೆ ಈ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲಾರಂಭಿಸುತ್ತದೆ. ಇನ್ನೂ ಹೆಚ್ಚು ಕಾದರೆ ಅಪಾಯಕಾರಿ ಹೊಗೆ ಬರುತ್ತದೆ. ಸೌದೆಯ ಉರಿ ಹತೋಟಿಗೆ ಸಿಗುವಂಥದ್ದಲ್ಲ. ಆದ್ದರಿಂದ ಸೌದೆ ಒಲೆಯ ಮನೆಗೆ ನಾನ್‌ಸ್ಟಿಕ್ ಸಲ್ಲದು. ಗ್ಯಾಸಿನ ಮೇಲೆ ಬಳಸುವವರು ಸಣ್ಣ ಉರಿ ಮತ್ತು ಮರದ ಕಡ್ಡಿಯನ್ನೇ ಬಳಸಬೇಕು. ಖಾಲಿ ಕಾವಲಿಯನ್ನು ಒಲೆಯ ಮೇಲೆ ಬಿಟ್ಟು ಹೋಗಬಾರದು. ಲೇಪ ಕಿತ್ತು ಬಂದರೆ ಕಾವಲಿಯನ್ನು ಬದಲಿಸಬೇಕು.

ಬಳಪದ ಕಲ್ಲಿನ ಕಾವಲಿಯೂ ಕೆಲವೆಡೆ ಬಳಕೆಯಲ್ಲಿದೆ. ಇದು ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ತೀರಾ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕಾಯಿಸದಿದ್ದರೆ ಬಿರುಕು ಬಿಡುತ್ತದೆ. ವಿದ್ಯುತ್ತಿನಿಂದ ಕಾಯುವ ಪಡ್ಡಿನ ಯಂತ್ರಗಳೂ ಪೇಟೆಯಲ್ಲಿವೆ. 1000 ವ್ಯಾಟಿನ ಯಂತ್ರ ಬಿಡದೆ ಒಂದು ಗಂಟೆ ಉರಿದರೆ ಒಂದು ಯೂನಿಟ್ ಕರೆಂಟು ಖರ್ಚಾಗುತ್ತದೆ. ಬೆಳಗಿನ ಹೊತ್ತು ವಿದ್ಯುತ್ ಖಚಿತವಿಲ್ಲದ ಊರಿನಲ್ಲಿ ಅದನ್ನೇ ನಂಬುವುದು ಜಾಣತನವಲ್ಲ. ಎಲ್ಲವನ್ನೂ ತೂಗಿ ನೋಡಿದರೆ ಹಳ್ಳಿಯ ಮನೆಗೆ ಎರಕದ ಕಬ್ಬಿಣವೇ ಲೇಸು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಗುಳಿಗಳ ಸಂಖ್ಯೆ: ಐವರ ಸಂಸಾರದಲ್ಲಿ ತಲೆಗೆ 7ರಂತೆ 35 ಪಡ್ಡು ಬೇಕೆಂದುಕೊಳ್ಳೋಣ. 7 ಗುಳಿಯ ಕಾವಲಿಯಲ್ಲಿ 5 ಸುತ್ತು, 12 ಗುಳಿಯದರಲ್ಲಿ 3 ಸುತ್ತು ಆಗುತ್ತದೆ. ಒಂದು ಸುತ್ತಿಗೆ 5ರಿಂದ 6 ನಿಮಿಷ. ಲೆಕ್ಕಕ್ಕೆ 12 ಗುಳಿಯದೇ ಲಾಭವೆಂದು ತೋರಿದರೂ, ಗ್ಯಾಸಿನ ಸಣ್ಣ ಬರ್ನರಿನ ಮೇಲೆ ಅದರ ಹೊರಸುತ್ತಿನ ಗುಳಿಗಳು ಕಾಯುವುದೇ ಇಲ್ಲ. ಗ್ಯಾಸಿಗೆ 7 ಅಥವಾ 9 ಗುಳಿ, ಅಗಲ ಉರಿಯ ಸೌದೆ ಒಲೆಗೆ 12 ಗುಳಿ ಎಂಬುದನ್ನು ನೆನಪಿಡಬೇಕು.

2. ದಪ್ಪ: ಗುಳಿಯ ತಳವೂ ಅಂಚೂ ಒಂದೇ ದಪ್ಪವಿರಬೇಕು. ತಳ ತೆಳುವಾಗಿದ್ದರೆ ಪಡ್ಡಿನ ತುದಿ ಸೀದು ನಡು ಹಸಿಯಾಗಿ ಉಳಿಯುತ್ತದೆ.

3. ನುಣುಪು: ಪ್ರತಿ ಗುಳಿಯೊಳಗೂ ಬೆರಳಾಡಿಸಿ ನೋಡಬೇಕು. ಎರಕದ ಮರಳಿನ ಗುರುತು, ಚಿಕ್ಕ ತೂತು, ಮುಳ್ಳಿನಂಥ ಉಬ್ಬು ಇದ್ದಲ್ಲಿ ಹಿಟ್ಟು ಸದಾ ಹಿಡಿಯುತ್ತದೆ.

4. ನಾದ: ಕಾವಲಿಯನ್ನು ಒಂದು ಕೈಯಲ್ಲಿ ತೂಗುಹಾಕಿದಂತೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಗಂಟೆಯಂತೆ ದನಿ ಬಂದರೆ ಸರಿ. ಮಡಕೆ ಒಡೆದಂಥ ದನಿ ಬಂದರೆ ಎಲ್ಲೋ ಸೀಳಿದೆಯೆಂದು ತಿಳಿಯಬೇಕು.

5. ತಳ: ಸೌದೆ ಒಲೆಯ ಬಾಯಿಗೂ ಕಾವಲಿಗೂ ಅಳತೆ ಹೊಂದಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ ಹೊಗೆಕೊಳವೆಯ ಒಲೆಗಳಲ್ಲಿ ಪಾತ್ರೆ ಬಾಯಿಯನ್ನು ಪೂರ್ತಿ ಮುಚ್ಚಿದರೆ ಮಾತ್ರ ಹೊಗೆ ಕೊಳವೆಯ ದಾರಿ ಹಿಡಿಯುತ್ತದೆ. ಇಂಡಕ್ಷನ್ ಒಲೆ ಇರುವವರು ತಳ ಸಮತಟ್ಟಾಗಿರುವ ಕಾವಲಿಯನ್ನೇ ಕೇಳಿ ಪಡೆಯಬೇಕು.

6. ಎತ್ತುವವರು ಆರಿಸಲಿ: 7 ಗುಳಿಯ ಎರಕದ ಕಾವಲಿ ಸಾಮಾನ್ಯವಾಗಿ 2 ಕಿಲೋ ತೂಗುತ್ತದೆ, 12 ಗುಳಿಯದು ಇನ್ನೂ ಭಾರ. ಸಂತೆಗೆ ಗಂಡಸರು ಹೋಗಿ ತರುವ ವಾಡಿಕೆಯಿದೆ. ದಿನವೂ ಅದನ್ನು ಕಾದ ಒಲೆಯಿಂದ ಇಳಿಸುವವರು ಹೆಂಗಸರು. ಅವರು ಕೈಯಲ್ಲಿ ಹಿಡಿದು ನೋಡಿ ಒಪ್ಪಿದ ಮೇಲೆಯೇ ಕೊಳ್ಳುವುದು ನ್ಯಾಯ. ಎರಡೂ ಕಡೆ ಕಿವಿಯಿರುವ ಕಾವಲಿ ಒಂದೇ ಹಿಡಿಯದಕ್ಕಿಂತ ಸುರಕ್ಷಿತ.

ಪಳಗಿಸುವ ವಿಧಾನ

ಹೊಸ ಹೋರಿಯನ್ನು ತಂದ ದಿನವೇ ಯಾರೂ ನೊಗಕ್ಕೆ ಕಟ್ಟುವುದಿಲ್ಲ. ಕಾವಲಿಯೂ ಹಾಗೆಯೇ. ಮೊದಲು ಬಿಸಿನೀರು, ಸೋಪಿನಿಂದ ಚೆನ್ನಾಗಿ ತಿಕ್ಕಿ ಕಾರ್ಖಾನೆಯ ಜಿಡ್ಡನ್ನು ತೆಗೆಯಬೇಕು. ಸೋಪು ಧಾರಾಳವಾಗಿ ಬಳಸಬಹುದಾದ್ದು ಇದೊಂದೇ ಸಲ. ಅನಂತರ ಎರಡು ದಿನ ಅನ್ನದ ಗಂಜಿಯಲ್ಲಿ ನೆನೆಸಿ, ಪ್ರತಿದಿನ ಗಂಜಿ ಬದಲಿಸುವುದು ಹಳೆಯ ರೂಢಿ. ಗಂಜಿಯ ಹುಳಿಗೆ ಮೇಲಿನ ಸಡಿಲ ಕಪ್ಪು ಬಿಡುತ್ತದೆ.

ತೊಳೆದ ಕಾವಲಿಯನ್ನು ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಬೇಕು. ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಪ್ರತಿ ಗುಳಿಗೂ ತೆಳುವಾಗಿ ಸವರಬೇಕು. ಹೆಚ್ಚಾದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಹೊಗೆ ಎದ್ದು ನಿಲ್ಲುವವರೆಗೆ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಹೀಗೆ 4ರಿಂದ 5 ಸಲ ಮಾಡಬೇಕು. ಕಿಟಕಿ ಬಾಗಿಲು ತೆರೆದಿರಲಿ.

ಇದರ ಮರ್ಮ ಸರಳ. ಬಿಸಿಗೆ ಗಾಳಿಯೊಡನೆ ಕೂಡಿದ ಎಣ್ಣೆ ಗಟ್ಟಿಯಾಗಿ, ಕಬ್ಬಿಣದ ಮೇಲೆ ಅರಗಿನಂಥ ಕಪ್ಪು ಪದರವಾಗುತ್ತದೆ. ಹಿಟ್ಟು ಅಂಟದಂತೆ ತಡೆಯುವುದೂ ತುಕ್ಕನ್ನು ದೂರವಿಡುವುದೂ ಈ ಪದರವೇ. ಅಗಸೆ, ಕುಸುಬೆಯಂಥ ಒಣಗುವ ಜಾತಿಯ ಎಣ್ಣೆಗಳು ಬೇಗ ಪದರಗಟ್ಟುತ್ತವೆ. ಶೇಂಗಾ ಎಣ್ಣೆಯೂ ಆಗಬಹುದು. ಎಣ್ಣೆ ದಪ್ಪವಾಗಿ ಸವರಿದರೆ ಗಟ್ಟಿ ಪದರದ ಬದಲು ಅಂಟು ಜಿಡ್ಡು ಉಳಿಯುತ್ತದೆ. ಇಷ್ಟಾದರೂ ಮೊದಲ ಒಂದೆರಡು ಸುತ್ತಿನ ಪಡ್ಡು ಅಂಟಿಕೊಳ್ಳಬಹುದು, ಗಾಬರಿ ಬೇಡ. ಬಳಸಿದಷ್ಟೂ ಕಾವಲಿ ಪಳಗುತ್ತದೆ.

ಹಿಟ್ಟಿನ ಹದ ಮತ್ತು ಬೇಯಿಸುವ ಕ್ರಮ

ನವಣೆ ಅಥವಾ ಸಾಮೆ ಅಕ್ಕಿ 3 ಪಾಲು, ಉದ್ದಿನಬೇಳೆ 1 ಪಾಲು, ಅರ್ಧ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಸೇರಿಸಿ 6 ಗಂಟೆ ನೆನೆಸಿ ರುಬ್ಬಬೇಕು. ರಾಗಿಯಾದರೆ ಅಕ್ಕಿ 1 ಪಾಲು, ಉದ್ದಿನಬೇಳೆ 1 ಪಾಲು ರುಬ್ಬಿ, ಅದಕ್ಕೆ 2 ಪಾಲು ರಾಗಿಹಿಟ್ಟು ಕಲಸಬೇಕು. ರಾಗಿಗೆ ತಾನಾಗಿ ಉಬ್ಬುವ ಶಕ್ತಿ ಕಡಿಮೆ. ಹುದುಗಿನ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಆದ್ದರಿಂದ ಉದ್ದನ್ನು ಕಡಿಮೆ ಮಾಡಬಾರದು. ಬೇಸಿಗೆಯಲ್ಲಿ 8 ಗಂಟೆ, ಚಳಿಗಾಲದಲ್ಲಿ 12 ಗಂಟೆಯಾದರೂ ಹುದುಗು ಬರಲು ಬಿಡಬೇಕು. ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಿರುವುದು ಸರಿಯಾದ ಹದ. ಈರುಳ್ಳಿ ನೀರು ಬಿಡುವುದರಿಂದ ಅದನ್ನು ಹೊಯ್ಯುವ ಮುನ್ನವೇ ಸೇರಿಸಬೇಕು.

ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಚುಂಯ್‌ಗುಟ್ಟಿ ಹಾರಿದರೆ ಕಾವು ಬಂದಿದೆ ಎಂದರ್ಥ. ನಡುವಿನ ಗುಳಿಗೆ ಉರಿ ಹೆಚ್ಚು ತಾಗುವುದರಿಂದ ಸುತ್ತಲಿನ ಗುಳಿಗಳಿಗೆ ಮೊದಲು, ನಡುವಿನದಕ್ಕೆ ಕೊನೆಯಲ್ಲಿ ಹಿಟ್ಟು ಹೊಯ್ಯಬೇಕು. ಮಗುಚುವಾಗ ನಡುವಿನದೇ ಮೊದಲು. ಗುಳಿಯ ಮುಕ್ಕಾಲು ಭಾಗ ತುಂಬಿದರೆ ಸಾಕು. ಮುಚ್ಚಳ ಮುಚ್ಚಿ ನಡು ಉರಿಯಲ್ಲಿ 3 ನಿಮಿಷ, ಮಗುಚಿ ಮುಚ್ಚಳವಿಲ್ಲದೆ 2 ನಿಮಿಷ ಬೇಯಿಸಬೇಕು. ಅಂಚು ತಾನಾಗಿ ಬಿಡುವ ಮುನ್ನ ಕಡ್ಡಿ ಹಾಕಿದರೆ ಪಡ್ಡು ಹರಿಯುತ್ತದೆ.

ಎಣ್ಣೆಯ ಲೆಕ್ಕ

ಪಳಗದ ಕಾವಲಿಗೆ ಗುಳಿಗೆ ಅರ್ಧ ಚಮಚ ಎಣ್ಣೆ ಬೇಡುತ್ತದೆ. ಪಳಗಿದ್ದಕ್ಕೆ ಕಾಲು ಚಮಚ ಸಾಕು. 35 ಪಡ್ಡಿಗೆ ಸುಮಾರು 44 ಮಿಲಿಲೀಟರ್ ಉಳಿತಾಯ. ವಾರಕ್ಕೆ ಎರಡು ಸಲ ಮಾಡಿದರೆ ವರ್ಷಕ್ಕೆ ಸುಮಾರು 4.5 ಲೀಟರ್. ಗಾಣದಲ್ಲಿ ಇಷ್ಟು ಶೇಂಗಾ ಎಣ್ಣೆ ತೆಗೆಯಲು ಸುಮಾರು 10 ಕಿಲೋ ಶೇಂಗಾ ಬೀಜ ಬೇಕು. ಒಂದು ಮಧ್ಯಾಹ್ನ ಕೂತು ಪಳಗಿಸಿದ ಕೆಲಸದ ಕೂಲಿ ಇದು.

ಕಬ್ಬಿಣಾಂಶದ ವಿಚಾರ

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ, 6ರಿಂದ 59 ತಿಂಗಳ ಮಕ್ಕಳಲ್ಲಿ ಶೇಕಡ 67 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಪಾತ್ರೆಯಲ್ಲಿ ಹುಳಿ ಪದಾರ್ಥ ಬೆಂದಾಗ ಅಲ್ಪ ಪ್ರಮಾಣದ ಕಬ್ಬಿಣ ಆಹಾರಕ್ಕೆ ಸೇರುವುದು ನಿಜ. ಹುದುಗಿನಿಂದ ಧಾನ್ಯದಲ್ಲಿರುವ ಕಬ್ಬಿಣವೂ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಆದರೆ ಪಡ್ಡು ಅತಿ ಕಡಿಮೆ ಹೊತ್ತು ಬೇಯುವ ತಿಂಡಿ, ಮೇಲಾಗಿ ಪಳಗಿದ ಪದರ ಅಡ್ಡವಿರುತ್ತದೆ. ಹೀಗಾಗಿ ಕಾವಲಿಯನ್ನು ನಂಬಿ ಗರ್ಭಿಣಿಯರಾಗಲಿ ಹದಿಹರೆಯದ ಹೆಣ್ಣುಮಕ್ಕಳಾಗಲಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಕೂಡದು. ಪಡ್ಡಿನ ಜೊತೆ ನಿಂಬೆರಸ ಹಿಂಡಿದ ಅಥವಾ ನೆಲ್ಲಿಕಾಯಿಯ ಚಟ್ನಿ ಇರಲಿ. ಕಾಫಿ, ಚಹಾವನ್ನು ಒಂದು ಗಂಟೆ ಮುಂದೂಡಿದರೆ ಒಳಿತು.

ನಿರ್ವಹಣೆ

ಕೆಲಸ ಮುಗಿದ ಕಾವಲಿ ಬಹಳ ಹೊತ್ತು ಸುಡುತ್ತಲೇ ಇರುತ್ತದೆ. ಮಕ್ಕಳ ಕೈಗೆಟುಕದ ಕಡೆ ಆರಲು ಇಡಬೇಕು. ಆರಿದ ಮೇಲೆ ಬಟ್ಟೆಯಿಂದ ಒರೆಸಿ, ಬೇಕಿದ್ದರೆ ಬಿಸಿನೀರು ಮತ್ತು ತೆಂಗಿನ ನಾರಿನಿಂದ ತಿಕ್ಕಿ, ಒಡನೆಯೇ ಒಲೆಯ ಮೇಲೆ ಒಣಗಿಸಿ ಎಣ್ಣೆಯ ಕೈ ಆಡಿಸಿ ತೂಗುಹಾಕಬೇಕು. ಹುಣಸೆಹಣ್ಣು ಹಚ್ಚಿ ಬೆಳಗುವುದು, ರಾತ್ರಿಯಿಡೀ ನೀರಿನಲ್ಲಿ ಬಿಡುವುದು ಕೂಡದು. ಅಟ್ಟ ಸೇರಿರುವ ತುಕ್ಕು ಕಾವಲಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಸೀಳಿಲ್ಲದಿದ್ದರೆ ಮರಳು ಅಥವಾ ಇಟ್ಟಿಗೆ ಪುಡಿಯಿಂದ ತುಕ್ಕು ತಿಕ್ಕಿ ತೊಳೆದು, ಮೇಲೆ ಹೇಳಿದ ಕ್ರಮದಲ್ಲಿ ಮತ್ತೆ ಪಳಗಿಸಿದರೆ ಅದು ಹೊಸದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದುಂಟು.

ವಿಸ್ತರಣಾ ಕಾರ್ಯಕರ್ತರು ಸಿರಿಧಾನ್ಯದ ಪ್ರಾತ್ಯಕ್ಷಿಕೆಗೆ ಹಳ್ಳಿಗೆ ಹೋದಾಗ ಬಿತ್ತನೆ ಬೀಜದ ಜೊತೆಗೆ ಒಂದು ಪಳಗಿದ ಕಾವಲಿಯನ್ನೂ ಒಯ್ಯುವುದು ಉಪಯುಕ್ತ. ಆ ಊರಿನ ರಾಗಿಯನ್ನೇ ಅಲ್ಲಿಯೇ ಬೇಯಿಸಿ ಮಕ್ಕಳಿಗೆ ಕೊಟ್ಟು ನೋಡಲಿ. ಬೆಳೆದವರ ಮನೆಯಲ್ಲೇ ತಿನ್ನುವವರಿದ್ದರೆ, ಪೇಟೆಯ ಧಾರಣೆ ಕುಸಿದ ವರ್ಷವೂ ರೈತ ಆ ಬೆಳೆಯನ್ನು ಪೂರ್ತಿ ಕೈಬಿಡುವುದಿಲ್ಲ.