ಸಂಚಾರಿ ಸೌರಫಲಕಗಳ ಸಾಗಾಟ ಮತ್ತು ಜೋಪಾನ

(ಮಳೆಗಾಲಕ್ಕೆ ಮುನ್ನ ನಡೆದ ಕಾರ್ಯಕರ್ತರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನದಿ ತಿರುವು, ಅರಣ್ಯ ಹಕ್ಕು, ಗಣಿಗಾರಿಕೆ ಮುಂತಾದ ಗಂಭೀರ ವಿಷಯಗಳ ನಡುವೆ, ಸೌರಫಲಕವನ್ನು ಗಾಡಿಗೆ ಹೇರುವುದು ಹೇಗೆ, ಮಳೆಗಾಲದಲ್ಲಿ ಇಡುವುದೆಲ್ಲಿ ಎಂಬ ನನ್ನ ವಿಷಯವನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ಬೆಳಿಗ್ಗೆ ಒಬ್ಬರು ನೇರವಾಗಿ ಕೇಳಿಯೂಬಿಟ್ಟರು: "ಸಾರ್, ಹಗ್ಗ ಕಟ್ಟುವುದಕ್ಕೂ ಡಾಕ್ಟರೇಟ್ ಬೇಕೇ?" ಬೇಡ. ಆದರೆ ಡಾಕ್ಟರೇಟ್ ಇದ್ದೂ ಹಗ್ಗವನ್ನು ತಪ್ಪಾಗಿ ಕಟ್ಟಿದವನು ನಾನು. ಆ ತಪ್ಪಿನಿಂದ ಕಲಿತದ್ದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮಳೆಗಾಲ ಮುಗಿದ ಮೇಲೆ ನಾವು ಕೆಲವರು ಜೀಪಿಗೆ ಒಂದು ಪುಟ್ಟ ಟ್ರೇಲರ್ ಜೋಡಿಸಿಕೊಂಡು ಊರೂರು ಸುತ್ತುವುದು ನಿಮಗೆ ಗೊತ್ತಿದೆ. ಡೇರೆ, ಅಡಿಗೆಯ ಪಾತ್ರೆ, ಪುಸ್ತಕ, ಮಣ್ಣು ಪರೀಕ್ಷೆಯ ಸಾಮಗ್ರಿ, ಸೂಕ್ಷ್ಮದರ್ಶಕ, ಪ್ರೊಜೆಕ್ಟರ್ ಇವೆಲ್ಲ ಅದರಲ್ಲಿರುತ್ತವೆ. ಇವಕ್ಕೆ ಬೇಕಾದ ವಿದ್ಯುತ್ತಿಗಾಗಿ 100 ವಾಟ್‌ನ ಎರಡು ಫಲಕಗಳು, ಒಂದು 75 ಆಂಪಿಯರ್-ಗಂಟೆಯ ಬ್ಯಾಟರಿ. ಫಲಕವೊಂದರ ಉದ್ದ ಸುಮಾರು ಒಂದು ಮೀಟರ್, ತೂಕ ಏಳೆಂಟು ಕಿಲೋ. ಒಬ್ಬನೇ ಎತ್ತಬಹುದಾದ ವಸ್ತು. ಎತ್ತುವುದು ಸುಲಭವೆಂಬ ಕಾರಣಕ್ಕೇ ನಾವು ಅದನ್ನು ಹಲಗೆಯೆಂದು ಭಾವಿಸಿ ಎಲ್ಲೆಂದರಲ್ಲಿ ಒರಗಿಸುತ್ತೇವೆ.

ನಾನು ಹೇಳಹೊರಟ ಪ್ರಸಂಗ ನಡೆದದ್ದು ಶರಾವತಿ ಹಿನ್ನೀರಿನ ಆಚೆಯ ಒಂದು ಹಳ್ಳಿಯಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಇದು ಅದಕ್ಕೂ ಹಿಂದಿನ ಮಾತು, ಜೀಪನ್ನೂ ಟ್ರೇಲರನ್ನೂ ಲಾಂಚಿನ ಮೇಲೆ ಹತ್ತಿಸಿ ದಾಟಬೇಕಿದ್ದ ಕಾಲ. ಲಾಂಚಿಗೆ ಹೊತ್ತಾಯಿತೆಂಬ ಅವಸರದಲ್ಲಿ ಒಂದು ಫಲಕವನ್ನು ಡೇರೆಯ ಬಟ್ಟೆ ಹಾಗೂ ಟ್ರೇಲರಿನ ಪಕ್ಕದ ತಗಡಿನ ನಡುವೆ ನಿಲ್ಲಿಸಿದೆವು. ಇನ್ನೊಂದನ್ನು ತಳದಲ್ಲಿ ಮಲಗಿಸಿ, ಮೇಲೊಂದು ಗೋಣಿ ಹಾಸಿ, ಪುಸ್ತಕದ ಕಟ್ಟುಗಳನ್ನು ಹೇರಿ, ನಾನೇ ಮೊಣಕಾಲೂರಿ ಹಗ್ಗ ಬಿಗಿದೆ. ಜಂಬಿಟ್ಟಿಗೆ ಕಲ್ಲಿನ ಏರುತಗ್ಗಿನ ರಸ್ತೆ. ಇಳಿಸಿ ನೋಡಿದಾಗ ಗಾಜಿಗೆ ಒಂದು ಗೀರೂ ಇರಲಿಲ್ಲ. ಮೀಟರ್ ಹಿಡಿದರೆ ಎರಡು ಫಲಕಗಳಲ್ಲೂ 21 ವೋಲ್ಟ್. ಎಲ್ಲ ಸರಿಯಿದೆಯೆಂದು ನಿಶ್ಚಿಂತನಾದೆ.

ಮೂರನೆಯ ಸಂಜೆ ಅಡಿಕೆಯ ಎಲೆಚುಕ್ಕೆ ರೋಗದ ಕುರಿತ ಕಾರ್ಯಕ್ರಮ. ತೋಟ ಕಳೆದುಕೊಳ್ಳುವ ಭಯದಲ್ಲಿದ್ದ ಐವತ್ತು ಅರವತ್ತು ಮಂದಿ ದೂರದ ಮನೆಗಳಿಂದ ನಡೆದು ಬಂದಿದ್ದರು. ಊರಿನ ಕರೆಂಟು ಹಿಂದಿನ ದಿನವೇ ಹೋಗಿತ್ತು. ಅರ್ಧ ಗಂಟೆಯಲ್ಲಿ ಪ್ರೊಜೆಕ್ಟರ್ ಆರಿತು, ಮತ್ತೆ ಹತ್ತು ನಿಮಿಷದಲ್ಲಿ ದೀಪವೂ ಮಂಕಾಯಿತು. ಹಿರಿಯ ರೈತರೊಬ್ಬರು ಕತ್ತಲಲ್ಲೇ, "ನಿಮ್ಮ ಸೂರ್ಯಂಗೂ ವೋಲ್ಟೇಜ್ ಕಮ್ಮಿಯಾ ಸಾರ್?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ನಾಡಿನ ದೀಪಕ್ಕಾಗಿ ಗದ್ದೆ, ಮನೆ, ದೇವರನ್ನೂ ನೀರಿಗೆ ಬಿಟ್ಟ ಜನರ ಮುಂದೆ ಬೆಳಕಿಲ್ಲದೆ ನಿಂತದ್ದು ನನಗೆ ಇಂದಿಗೂ ನಗುವ ಸಂಗತಿಯಲ್ಲ. ಸೌರಶಕ್ತಿಯೆಂದರೆ ಆಟದ ಸಾಮಾನೆಂಬ ಅಭಿಪ್ರಾಯವನ್ನು ನಾವೇ ಅಂದು ಬಿತ್ತಿ ಬಂದೆವು.

ಮರುದಿನ ಮಧ್ಯಾಹ್ನ ಎರಡೂ ಫಲಕಗಳನ್ನು ಪಕ್ಕಪಕ್ಕದಲ್ಲಿ ಒಂದೇ ಬಿಸಿಲಿಗೆ ಒಡ್ಡಿ, ಒಂದೊಂದನ್ನೇ ಬ್ಯಾಟರಿಗೆ ಜೋಡಿಸಿ, ಹರಿಯುವ ಪ್ರವಾಹವನ್ನು ಅಳೆದೆ. ನಿಂತು ಬಂದ ಫಲಕ 5 ಆಂಪಿಯರ್ ಕೊಟ್ಟಿತು, ಮಲಗಿ ಬಂದದ್ದು ಎರಡೂವರೆ. ದಿನಕ್ಕೆ ಐದು ಗಂಟೆ ಬಿಸಿಲೆಂದರೂ ಮೂರು ದಿನಕ್ಕೆ ಮೂವತ್ತೇಳು ಆಂಪಿಯರ್-ಗಂಟೆಗಳ ಕೊರತೆ, ಅಂದರೆ ಬ್ಯಾಟರಿಯ ಅರ್ಧ.

ಗಾಜು ಒಡೆಯದೆ ಫಲಕ ಕೆಡುವುದು ಹೇಗೆಂದು ನೀವು ಕೇಳಬಹುದು. ಮೇಲಿನ ಗಾಜು ಸುಮಾರು 3.2 ಮಿಲಿಮೀಟರ್ ದಪ್ಪದ, ಹದಗೊಳಿಸಿದ ಗಟ್ಟಿ ಗಾಜು. ಅದರ ಅಡಿಯಲ್ಲಿ ಪ್ಲಾಸ್ಟಿಕ್ ಪದರದ ನಡುವೆ ಅಂಟಿಸಿರುವ ಸಿಲಿಕಾನ್ ಕೋಶಗಳು ಮಾತ್ರ 0.2 ಮಿಲಿಮೀಟರಿಗಿಂತಲೂ ತೆಳು, ಹಪ್ಪಳದಷ್ಟೇ ಪೆಡಸು. ಭಾರ ಬಿದ್ದಾಗ ಗಾಜು ಬಾಗಿ ಮತ್ತೆ ನೇರವಾಗುತ್ತದೆ. ಕೋಶ ಬಾಗಲಾರದೆ ಬಿರಿಯುತ್ತದೆ. ಬಿರುಕು ಕಣ್ಣಿಗೆ ಕಾಣದು. ತಿಂಗಳುಗಳ ನಂತರ ಕೆಲವೊಮ್ಮೆ ಬಸವನಹುಳು ಹರಿದ ಜಾಡಿನಂತೆ ಗೆರೆಗಳು ಮೂಡುತ್ತವೆ, ಅಷ್ಟೆ. ಕೋಶಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುವುದರಿಂದ, ತೋಟದ ಪೈಪನ್ನು ಒಂದೆಡೆ ಹಿಸುಕಿದರೆ ಇಡೀ ಸಾಲಿಗೆ ನೀರು ಕಡಿಮೆಯಾಗುವಂತೆ, ಒಂದು ಕೋಶದ ಅರ್ಧಭಾಗ ಕಡಿದುಹೋದರೆ ಇಡೀ ಸಾಲಿನ ಪ್ರವಾಹ ಇಳಿಯುತ್ತದೆ. ವೋಲ್ಟೇಜ್ ಮಾತ್ರ ಹಾಗೆಯೇ ಇರುತ್ತದೆ. ನಾನು ಮೋಸಹೋದದ್ದು ಅಲ್ಲಿ. ಆದ್ದರಿಂದ ವೋಲ್ಟ್ ನೋಡಿ ಸಮಾಧಾನಪಡಬೇಡಿ. ಪ್ರಯಾಣಕ್ಕೆ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಪೂರ್ತಿ ತುಂಬಿರದ ಬ್ಯಾಟರಿಗೆ ಜೋಡಿಸಿ ಆಂಪಿಯರ್ ಬರೆದಿಡಿ. ಎರಡು ಫಲಕಗಳಿದ್ದರೆ ಒಂದನ್ನೊಂದು ಹೋಲಿಸುವುದು ಇನ್ನೂ ಲೇಸು. ಬಿಸಿಲಿನ ಏರಿಳಿತದ ತಕರಾರು ಇರುವುದಿಲ್ಲ.

ಚದರ ಮೀಟರಿಗೆ ಎರಡು ಕ್ವಿಂಟಾಲಿಗೂ ಮೀರಿದ ಭಾರವನ್ನು ತಾಳುತ್ತದೆಂದು ಕಾರ್ಖಾನೆಯವರು ಪರೀಕ್ಷಿಸಿಯೇ ಕಳಿಸುತ್ತಾರಲ್ಲ ಎಂದು ಅಂಗಡಿಯವರು ವಾದಿಸುತ್ತಾರೆ. ಸುಳ್ಳಲ್ಲ, 2400 ಪ್ಯಾಸ್ಕಲ್ ಒತ್ತಡದ ಪರೀಕ್ಷೆ ಇದೆ. ಆದರೆ ಆ ಭಾರ ಚೌಕಟ್ಟಿಗೆ ಭದ್ರವಾಗಿ ಬಿಗಿದ ಫಲಕದ ಮೇಲೆ ಸಮನಾಗಿ ಹರಡಿದ್ದು. ನನ್ನ ಮೊಣಕಾಲು ಹಾಗೆ ಹರಡಿರಲಿಲ್ಲ.

ಇಂಥ ಪ್ರಯಾಣದಲ್ಲಿ ಹೆಚ್ಚು ಪಳಗಿದವರು ಆಸ್ಟ್ರೇಲಿಯಾದವರು. ಡೇರೆ, ಹಾಸಿಗೆ, ಒಲೆಗಳನ್ನೆಲ್ಲ ಮಡಚಿಟ್ಟ 'ಕ್ಯಾಂಪರ್ ಟ್ರೇಲರ್' ಎಂಬ ಬಂಡಿಯನ್ನು ವಾಹನದ ಹಿಂದೆ ಕಟ್ಟಿ ಅಲ್ಲಿನ ಕುಟುಂಬಗಳು ವಾರಗಟ್ಟಲೆ ಒಳನಾಡು ಸುತ್ತುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರಸ್ತೆ ಸುಮಾರು 660 ಕಿಲೋಮೀಟರ್. ಬಹುಭಾಗ ಡಾಂಬರಿಲ್ಲದೆ, ಅಡ್ಡಡ್ಡ ಸಣ್ಣ ಅಲೆಗಳೆದ್ದ ದಾರಿ. ನಮ್ಮ ಜಲ್ಲಿ ರಸ್ತೆಗಳಲ್ಲೂ ಲಾರಿ ಓಡಾಡಿದ ಮೇಲೆ ಇಂಥ ಅಲೆಗಳನ್ನು ಕಂಡಿದ್ದೀರಿ. ದೊಡ್ಡ ಗುಂಡಿಗಿಂತ ಈ ಎಡೆಬಿಡದ ನಡುಕವೇ ಫಲಕಕ್ಕೆ ಹೆಚ್ಚು ಕೇಡು. ಅಲ್ಲಿನವರು ಸಾಮಾನ್ಯವಾಗಿ ಬಳಸುವುದು ಪುಸ್ತಕದಂತೆ ಗಾಜು ಒಳಮುಖವಾಗಿ ಮಡಚಿಕೊಳ್ಳುವ ಜೋಡಿ ಫಲಕ. ಅದನ್ನು ದಪ್ಪ ಕ್ಯಾನ್ವಾಸ್ ಚೀಲಕ್ಕೆ ಸೇರಿಸುತ್ತಾರೆ. ಮಡಚಿದ ಡೇರೆಯ ಕೆಳಗೆ, ಹಾಸಿಗೆಯ ಮೇಲೆಯೇ ಇಡುವವರೂ ಉಂಟು. ನೆಲದ ನಡುಕವನ್ನು ಹಾಸಿಗೆ ಹೀರಿಕೊಳ್ಳಲಿ ಎಂಬ ಲೆಕ್ಕಾಚಾರ. ಗಾಜಿಲ್ಲದ, ಬಾಗುವ ಹಗುರ ಫಲಕಗಳೂ ಈಗ ಬಂದಿವೆ. 'ಬಾಗುವ' ಎಂಬ ಹೆಸರನ್ನು ನಂಬಿ ಚಾಪೆಯಂತೆ ಸುರುಳಿ ಸುತ್ತಬಾರದು. ಒಳಗಿರುವುದು ಬಹುತೇಕ ಅದೇ ಸಿಲಿಕಾನ್ ಹಪ್ಪಳ.

ನಾವು ಈಗ ಮಾಡಿಕೊಂಡಿರುವುದು ಒಂದು ಪ್ಲೈವುಡ್ ಪೆಟ್ಟಿಗೆ. ಫಲಕಗಳು ಉದ್ದದ ಅಂಚಿನ ಮೇಲೆ ನಿಲ್ಲುತ್ತವೆ, ಗಾಜುಗಳು ಪರಸ್ಪರ ಎದುರಾಗಿ, ನಡುವೆ ಹಳೆಯ ಕಂಬಳಿ. ತಳದಲ್ಲಿ ಸೈಕಲ್ ಟ್ಯೂಬಿನ ತುಂಡುಗಳು, ನಾಲ್ಕು ಮೂಲೆಗಳಿಗೆ ಅಡಿಕೆ ಹಾಳೆಯ ಮಡಿಕೆ. ಮೂಲೆಗಳ ವಿಷಯದಲ್ಲಿ ಜಿಪುಣತನ ಬೇಡ: ಈ ಬಗೆಯ ಗಾಜು ಮುಖದ ಮೇಲೆ ಬಿದ್ದ ಆಲಿಕಲ್ಲನ್ನು ತಡೆದುಕೊಂಡೀತು, ಅಂಚಿಗೆ ತಗುಲಿದ ಸಣ್ಣ ಪೆಟ್ಟಿಗೆ ಇಡಿಯಾಗಿ ಪುಡಿಯಾದೀತು. ಒಣಹುಲ್ಲನ್ನು ತುಂಬಿ ನೋಡಿದೆವು. ಅದರೊಳಗಿನ ಮಣ್ಣು ಗಾಜನ್ನು ಗೀರಿತು, ತೇವವನ್ನೂ ಹಿಡಿದಿಟ್ಟಿತು. ಪೆಟ್ಟಿಗೆಯ ಸ್ಥಾನ ಟ್ರೇಲರಿನ ಅಚ್ಚಿನ ನೇರಕ್ಕೆ. ಹಿಂತುದಿಯಲ್ಲಿ ಕುಕ್ಕಾಟ ಹೆಚ್ಚು. ಫಲಕದ ಉದ್ದ ಗಾಡಿ ಸಾಗುವ ದಿಕ್ಕಿಗಿರಬೇಕು. ಅಡ್ಡಲಾಗಿಟ್ಟರೆ ಘಟ್ಟ ಇಳಿಯುವಾಗ ಪ್ರತಿ ಬ್ರೇಕಿಗೂ ಅದರ ನಡುಭಾಗ ಬಾಗುತ್ತದೆ. ಬಿಗಿಯಲು ಚಪ್ಪಟೆ ಪಟ್ಟಿ ಬಳಸಿರಿ, ಅದೂ ಪೆಟ್ಟಿಗೆಗೆ, ಫಲಕದ ಬೆನ್ನಿಗಲ್ಲ. ನಾರಿನ ಹಗ್ಗ ನೆನೆದು ಒಣಗುವಾಗ ಅದರ ಬಿಗಿ ಬದಲಾಗುತ್ತದೆ. ಬ್ಯಾಟರಿಯನ್ನು ಬೇರೆಯೇ ಕಟ್ಟಿ, ಅದರ ತುದಿಗಳಿಗೆ ರಬ್ಬರು ಮುಚ್ಚಿ, ಫಲಕದ ಮೇಲೆ ಉರುಳದಂತೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಕಷ್ಟವೇಕೆ, ಜೀಪಿನ ನೆತ್ತಿಗೇ ಬೋಲ್ಟ್ ಹಾಕಿ ಬಿಗಿಯಬಹುದಲ್ಲ ಎಂದು ಕೆಲವರ ಸಲಹೆ. ಬಯಲುಸೀಮೆಗೆ ಅದು ಸರಿ. ನಮ್ಮ ದಾರಿಗಳಲ್ಲಿ ಬಿದಿರ ಮೆಳೆ ತಲೆಗೆ ತಗುಲುತ್ತದೆ. ಮೇಲಾಗಿ ಗಾಡಿ ನಿಲ್ಲಿಸಲು ನಾವು ಹುಡುಕುವುದು ನೆರಳನ್ನು, ಫಲಕಕ್ಕೆ ಬೇಕಾದದ್ದು ಬಿಸಿಲು. ಹೊತ್ತೊಯ್ಯುವ ಫಲಕವನ್ನು ಮರಗಳ ನಡುವಿನ ಬೆಳಕಿಂಡಿಗೆ ಸರಿಸುತ್ತ ಹೋಗಬಹುದು. ತಂತಿ ಮಾತ್ರ ದಪ್ಪವಿರಲಿ. 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಂತಿಯಲ್ಲಿ 10 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ 2 ವೋಲ್ಟಿಗೂ ಹೆಚ್ಚು ನಷ್ಟ. 4 ಚದರ ಮಿಲಿಮೀಟರಿನದಾದರೆ 1 ವೋಲ್ಟಿನೊಳಗೆ.

ಇನ್ನು ಮಳೆಗಾಲದ ಮಾತು. ಜೂನ್ ಬಂತೆಂದರೆ ಸಂಚಾರ ನಿಲ್ಲುತ್ತದೆ, ನಾಲ್ಕು ತಿಂಗಳು ಫಲಕಕ್ಕೆ ವನವಾಸ. ಕೃಷಿ ವಿಜ್ಞಾನಿಯಾಗಿ ನಾನು ಒತ್ತಿ ಹೇಳಬೇಕಾದದ್ದು ಒಂದಿದೆ. ಆ ಟ್ರೇಲರಿನಲ್ಲೇ ನಾವು ಕೊಳೆರೋಗದ ಔಷಧಿಗೆಂದು ಮೈಲುತುತ್ತ, ಸುಣ್ಣ ತರುತ್ತೇವೆ. ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕದಲ್ಲೇ ಫಲಕ ಒರಗಿರುತ್ತದೆ. ತಾಮ್ರದ ಲವಣ ಅಲ್ಯೂಮಿನಿಯಂ ಚೌಕಟ್ಟನ್ನು ಕೊರೆದು ತಿನ್ನುತ್ತದೆ, ಸುಣ್ಣವೂ ಅದಕ್ಕೆ ಶತ್ರುವೇ. ಕೊಟ್ಟಿಗೆಯಲ್ಲಿಟ್ಟರೆ ಗಂಜಲದ ಅಮೋನಿಯಾ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಟ್ಟವರ ಫಲಕದ ಮೇಲೆ ಇಲ್ಲಣ ಕಟ್ಟಿದ್ದನ್ನು ನೋಡಿದ್ದೇನೆ. ಮನೆಯ ಒಳಕೋಣೆಯಲ್ಲಿ, ಮರದ ತುಂಡುಗಳ ಮೇಲೆ, ನೆಟ್ಟಗೆ ನಿಲ್ಲಿಸಿ ಹಳೆಯ ಹತ್ತಿ ಸೀರೆ ಹೊದಿಸಿದರೆ ಸಾಕು. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೇ ಬೆವರುತ್ತದೆ. ತಂತಿಯನ್ನು ಇಲಿಗೆ ಎಟುಕದಂತೆ ಸುತ್ತಿ, ಕನೆಕ್ಟರುಗಳ ಬಾಯಿ ಮುಚ್ಚಿ. ಸೀಸದ ಬ್ಯಾಟರಿಯನ್ನು ಮಾತ್ರ ಮರೆಯುವಂತಿಲ್ಲ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡದಿದ್ದರೆ ದೀಪಾವಳಿಯ ಹೊತ್ತಿಗೆ ಅದು ಬರೀ ಭಾರ.

ಒಂದು ಫಲಕ ಕೆಟ್ಟರೆ ಇನ್ನೊಂದು ಕೊಂಡರಾಯಿತು, ಈಗ ಬೆಲೆ ಇಳಿದಿದೆ ಎನ್ನುವವರು ನಮ್ಮಲ್ಲೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬೆಣಚುಕಲ್ಲನ್ನು ಕಲ್ಲಿದ್ದಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ತೆಗೆದ ಸಿಲಿಕಾನ್ ಅದು. ಎಲ್ಲೋ ಒಂದು ಬೆಟ್ಟ ಅಗೆದು, ಎಲ್ಲೋ ಹೊಗೆ ಎಬ್ಬಿಸಿಯೇ ನಮ್ಮ ಅಂಗಳಕ್ಕೆ ಶುದ್ಧವಾಗಿ ಬಂದಿದೆ. 25 ವರ್ಷ ಬಾಳಬೇಕಾದದ್ದು ಮೂರೇ ಪ್ರವಾಸಕ್ಕೆ ಮುಗಿದರೆ ಆ ಸಾಲ ತೀರುವುದಿಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಸೌರಫಲಕಗಳನ್ನೂ ಒಳಗೊಂಡಿವೆ. 2034–35ರವರೆಗಿನ ಫಲಕ ತ್ಯಾಜ್ಯವನ್ನು ತಯಾರಕರು ಸಂಗ್ರಹಿಸಿಡಬೇಕೆಂದು ಅವು ಹೇಳುತ್ತವೆ. ಆದರೆ ನಮ್ಮ ಊರಿಗೆ ಬರುವುದು ತಯಾರಕನಲ್ಲ, ಗುಜರಿಯವನು. ಅವನು ಚೌಕಟ್ಟನ್ನೂ ತಾಮ್ರವನ್ನೂ ಕಳಚಿಕೊಂಡು, ಸೀಸದ ಬೆಸುಗೆಯುಳ್ಳ ಗಾಜಿನ ಹಾಳೆಯನ್ನು ಹಳ್ಳದ ದಂಡೆಗೆ ಬಿಟ್ಟು ಹೋಗುತ್ತಾನೆ. ಕೊಂಡ ಅಂಗಡಿಯ ರಸೀದಿಯನ್ನು ಜೋಪಾನವಾಗಿಡಿ. ಹಿಂದಕ್ಕೆ ತೆಗೆದುಕೊಳ್ಳಿರೆಂದು ಕೇಳಲು ಅದೊಂದೇ ನಮ್ಮ ಕೈಯಲ್ಲಿರುವ ಆಧಾರ.

ನನ್ನ ಮೊಣಕಾಲು ಊರಿದ ಫಲಕವನ್ನು ಎಸೆದಿಲ್ಲ. ಮಿತ್ರರೊಬ್ಬರ ಕೊಟ್ಟಿಗೆಯ ಮಾಡಿನ ಮೇಲೆ ಅದು ಎರಡು ದೀಪಗಳಿಗೆ ಸಾಕಾಗುವಷ್ಟು ದುಡಿಯುತ್ತಿದೆ. ಗಂಜಲದ ಮಾತು ಹೇಳಿ ಹೀಗೆ ಮಾಡಬಹುದೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಮಾಡಿನ ಮೇಲೆ ಗಾಳಿ ಆಡುತ್ತದೆ. ಇವತ್ತು ಅದನ್ನೂ ಇಳಿಸಿ ತಂದಿದ್ದೇವೆ. ಪೆಟ್ಟಿಗೆ ಹೊರಗೆ ಜಗಲಿಯ ಮೇಲಿದೆ. ಚಹಾ ಆದ ಮೇಲೆ ಮೋಡ ಕವಿಯುವ ಮುಂಚೆ ಅಂಗಳಕ್ಕೆ ಬಂದರೆ, ಒಳ್ಳೆಯದನ್ನೂ ಬಿರಿದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಮೀಟರಿನಲ್ಲಿ ತೋರಿಸುತ್ತೇನೆ. ಯಾವುದು ಯಾವುದೆಂದು ಮೊದಲು ನೀವು ಕಣ್ಣಿನಿಂದ ಗುರುತಿಸಿ ನೋಡಿ.